ಮರುನಿರ್ಮಿತ ಉಗಿ ಎಂಜಿನ್ನನ್ನು ಚಿತ್ರದಲ್ಲಿ ಗುರುತಿಸುವ ಬಗೆ

ಕಲಬುರಗಿ, ಶಹಾಬಾದ್, ವಾಡಿ ಕಡೆಯ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ರೈಲು ಎಂಜಿನ್ನಿನ ಚಿತ್ರಪಟ ಬರೆಯುವ ಮಕ್ಕಳು ಬ್ರಿಟನ್ನಿನ ‘ಮರ್ಚೆಂಟ್ ನೇವಿ’ ವರ್ಗವನ್ನು ಆರಿಸಿಕೊಂಡರೆ, ಒಂದೇ ಹೆಸರಿನ ಎಂಜಿನ್ ಎರಡು ರೂಪಗಳಲ್ಲಿ ಕಾಣುವುದರಿಂದ ಗೊಂದಲ ಸಹಜ. ಆಲಿವರ್ ಬುಲೀಡ್ ವಿನ್ಯಾಸಗೊಳಿಸಿದ ಈ 30 ಪ್ರಯಾಣಿಕ ಎಂಜಿನ್ನುಗಳು 1941ರಿಂದ 1949ರ ನಡುವೆ ತಯಾರಾದವು. ಅಷ್ಟನ್ನೂ ರಾನ್ ಜಾರ್ವಿಸ್ ಅವರ ನಕ್ಷೆಯಂತೆ 1956ರಿಂದ 1959ರೊಳಗೆ ಮರುನಿರ್ಮಿಸಲಾಯಿತು.

ಮೊದಲು ಚಿತ್ರದ ಇಸವಿ ನೋಡಿ. 1956ಕ್ಕಿಂತ ಹಿಂದಿನದಾದರೆ ಅದು ಮೂಲರೂಪವೇ. ಈಚಿನ ಬಣ್ಣದ ಚಿತ್ರವಾದರೆ ಹೆಚ್ಚುಕಡಿಮೆ ಮರುರೂಪವೆಂದೇ ತಿಳಿಯಬಹುದು, ಏಕೆಂದರೆ ಗುಜರಿಗೆ ಹೋಗದೆ ಉಳಿದ 11 ಎಂಜಿನ್ನುಗಳೂ ಮರುನಿರ್ಮಾಣವಾದ ಮೇಲಿನವು. ಇಸವಿ ಇಲ್ಲದಿದ್ದರೆ ಮೈಮೇಲಿನ ತಗಡಿನ ಹೊದಿಕೆಯನ್ನು ಗಮನಿಸಿ: ಮೂಲದಲ್ಲಿ ಅದು ಬಾಯ್ಲರನ್ನು ಪೆಟ್ಟಿಗೆಯಂತೆ ಮುಚ್ಚಿರುತ್ತದೆ, ಮರುರೂಪದಲ್ಲಿ ದುಂಡನೆಯ ಬಾಯ್ಲರ್ ಬಯಲಾಗಿರುತ್ತದೆ.

ಹೊದಿಕೆಯೊಂದನ್ನೇ ನೋಡಿ ಬಿಟ್ಟರೆ ಮರುನಿರ್ಮಾಣದ ಕಾರಣ ಮಾತ್ರ ತಿಳಿಯದು. ಅದು ಗಾಲಿಗಳ ಬಳಿ ಇದೆ. ಮೂಲ ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳಿಗೂ ಉಗಿ ಬಿಡುವ ಕವಾಟಗಳನ್ನು ನಡೆಸುವ ಯಂತ್ರಾಂಗ, ಚೌಕಟ್ಟಿನ ನಡುವೆ ಎಣ್ಣೆ ತುಂಬಿದ ತೊಟ್ಟಿಯೊಳಗೆ ಸರಪಳಿಗಳಿಂದ ತಿರುಗುತ್ತಿತ್ತು. ಸರಪಳಿ ಸವೆದು ಹಿಗ್ಗಿದಂತೆ ಕವಾಟ ತೆರೆಯುವ ಹೊತ್ತು ಏರುಪೇರಾಗುತ್ತಿತ್ತು. ತೊಟ್ಟಿಯಿಂದ ಸೋರಿದ ಎಣ್ಣೆ ಬಾಯ್ಲರಿನ ಶಾಖರಕ್ಷಕ ಪದರಕ್ಕೆ ಹೀರಿಕೊಂಡು ಆಗಾಗ ಬೆಂಕಿ ಹತ್ತುತ್ತಿದ್ದುದೂ ಉಂಟು. ಜಾಣತನದ ವಿನ್ಯಾಸವಾದರೂ ರಿಪೇರಿಯವರ ಪಾಲಿಗೆ ಅದು ತಲೆನೋವೇ ಆಗಿತ್ತೆನ್ನಬೇಕು. ಮರುನಿರ್ಮಾಣದಲ್ಲಿ ಅದನ್ನು ಕಿತ್ತು ಮೂರು ಸಿಲಿಂಡರುಗಳಿಗೂ ಬೇರೆಬೇರೆ ವಾಲ್ಶಾರ್ಟ್ಸ್ ಗೇರ್ (ಸರಪಳಿಯ ಬದಲು ಸರಳುಗಳಿಂದ ಕವಾಟ ನಡೆಸುವ ಯಂತ್ರಾಂಗ) ಜೋಡಿಸಿದರು. ಆದ್ದರಿಂದ ಚಿತ್ರದಲ್ಲಿ ನಡುವಿನ ದೊಡ್ಡ ಗಾಲಿಯ ಮೇಲೆ ಕಣ್ಣಿಡಿ: ಅದರ ಕ್ರ್ಯಾಂಕಿನ (ಗಾಲಿಯನ್ನು ತಿರುಗಿಸುವ ಗೂಟದ) ತುದಿಗೆ ಪುಟ್ಟದೊಂದು ತೋಳಿದ್ದು, ಅಲ್ಲಿಂದ ತೆಳುವಾದ ಸರಳೊಂದು ಮುಂದೆ ಸಾಗಿ ಬಾಗಿದ ಉಕ್ಕಿನ ಕೊಂಡಿಯನ್ನು ಸೇರಿದ್ದರೆ, ಅದು ಮರುರೂಪವೆಂಬುದರಲ್ಲಿ ಸಂದೇಹವಿಲ್ಲ.

ಗಾಲಿಯ ಆಕಾರವನ್ನು ಮಾತ್ರ ನಂಬಬೇಡಿ, ಕಡ್ಡಿಗಳಿಲ್ಲದ ಆ ಗಾಲಿ ಎರಡು ರೂಪಗಳಲ್ಲೂ ಒಂದೇ. ನಮ್ಮ ಭಾರತೀಯ ರೈಲ್ವೆಯ ಡಬ್ಲ್ಯೂ.ಪಿ. ಉಗಿ ಎಂಜಿನ್ನಿನ ಚಿತ್ರದೊಂದಿಗೂ ಬೆರೆಸಬೇಡಿ. ಗಾಲಿಗಳ ಜೋಡಣೆ ಅದರಲ್ಲೂ 4-6-2 (ಮುಂದೆ ನಾಲ್ಕು ಸಣ್ಣ, ನಡುವೆ ಆರು ದೊಡ್ಡ, ಹಿಂದೆ ಎರಡು ಸಣ್ಣ ಗಾಲಿ) ಆದರೂ, ಸಿಲಿಂಡರುಗಳು ಎರಡೇ, ಹಳಿಯ ಅಗಲ ಬ್ರಿಟನ್ನಿನ 1435 ಮಿ.ಮೀ. ಅಲ್ಲ, 1676 ಮಿ.ಮೀ.

ಚಿತ್ರಪಟದಲ್ಲಿ ಕವಾಟದ ಸರಳುಗಳಿಗೆ ಬೇರೆ ಬಣ್ಣ ಬಳಿಯಿರಿ. ಒಳಭಾಗ ಬರೆಯುವುದಿದ್ದರೆ ಬ್ರಿಟನ್ನಿನ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ 35029ನೇ ಸಂಖ್ಯೆಯ ‘ಎಲ್ಲರ್‌ಮನ್ ಲೈನ್ಸ್’ ಎಂಜಿನ್ನಿನ ಚಿತ್ರವನ್ನು ಹುಡುಕಿ. ಒಳಗಿನ ರಚನೆ ಕಾಣಲೆಂದೇ ಅದರ ಪಕ್ಕೆಯನ್ನು ಕೊಯ್ದು ಇಟ್ಟಿದ್ದಾರೆ.