ಮನೆಮಂದಿಗೆಲ್ಲ ಬೇಸಿಗೆ ಬಟ್ಟೆ: ಸ್ಟೈಲೂ ಇರಲಿ, ಗಾಳಿಯೂ ಆಡಲಿ

ಈಗಿನ ಫ್ಯಾಷನ್ ಬಗ್ಗೆ ಮನೆಯ ಹಿರಿಯರಿಗೆ ಏನೇ ತಕರಾರು ಇರಲಿ, ಒಂದು ಮಾತು ಒಪ್ಪಲೇಬೇಕು. ಬಟ್ಟೆ ಸಡಿಲವಾಗಿದೆ. ಕಾಲಿಗೆ ಅಂಟಿಕೊಳ್ಳುವ ಸ್ಕಿನ್ನಿ ಜೀನ್ಸ್‌ನಲ್ಲಿ ಸೆಖೆಗಾಲ ಕಳೆದವರಿಗೆ ಇದರ ಸುಖ ಗೊತ್ತು. ಅಗಲ ಕಾಲಿನ ಪ್ಯಾಂಟ್, ಭುಜ ಇಳಿಬಿದ್ದ ಓವರ್‌ಸೈಜ್ ಅಂಗಿ, ಮೇಲೂ ಕೆಳಗೂ ಒಂದೇ ಬಟ್ಟೆಯ ಕೋ-ಆರ್ಡ್ ಸೆಟ್, ಕತ್ತು ತೆರೆದಿರುವ ಕ್ಯೂಬನ್ ಕಾಲರ್ ಅಂಗಿ, ಮೊಣಕಾಲು ದಾಟುವ ಮಿಡಿ ಫ್ರಾಕ್. ಈಚಿನ ಬೇಸಿಗೆಗಳಲ್ಲಿ ಓಡುತ್ತಿರುವ ಸ್ಟೈಲ್‌ಗಳು ಇವು. ಎಲ್ಲದರಲ್ಲೂ ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಲು ಜಾಗ ಇದೆ.

ಬೇಸಿಗೆ ಉಡುಪಿನಲ್ಲಿ ನೋಡಬೇಕಾದ್ದು ಆ ಜಾಗವನ್ನೇ. ಬಣ್ಣ, ಪ್ರಿಂಟ್, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ಪುಟ್ಟ ಮಗುವಿನಿಂದ ಅಜ್ಜಿಯವರೆಗೆ ಯಾರಿಗೇ ಬಟ್ಟೆ ಕೊಳ್ಳುವುದಿದ್ದರೂ ಈ ಕ್ರಮದಲ್ಲಿ ಹೋಗಿ ನೋಡಿ.

ಹೆಜ್ಜೆ 1: ಮೊದಲು ಬೀರು ತೆಗೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಏನಿದೆ ನೋಡಿ. ಕಳೆದ ಬೇಸಿಗೆಯಲ್ಲಿ ಒಬ್ಬೊಬ್ಬರೂ ಮತ್ತೆ ಮತ್ತೆ ಹಾಕಿದ ಬಟ್ಟೆಗಳನ್ನು ಒಂದು ಕಡೆ ಇಡಿ. ಅವುಗಳ ಲೇಬಲ್ ಓದಿ. ಆಸೆಪಟ್ಟು ಕೊಂಡು ಮಡಚಿಟ್ಟದ್ದು ಯಾವುದು, ದಿನಾ ಕೈಗೆ ಸಿಕ್ಕಿದ್ದು ಯಾವುದು ಎನ್ನುವುದು ಅಲ್ಲೇ ತಿಳಿಯುತ್ತದೆ. ಹೊಸದರ ಪಟ್ಟಿ ಆಮೇಲೆ ಮಾಡಿ. ಅದು ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಹೆಜ್ಜೆ 2: ಲೇಬಲ್ ಓದಿ, ಒಳಗಿನ ಲೇಬಲ್ ಕೂಡ

ಬೆವರು ಆರಿದಾಗ ಮೈ ತಂಪಾಗುತ್ತದೆ. ಹಾಗಾಗಿ ಬೆವರನ್ನು ಹೀರಿ ಗಾಳಿಗೆ ಬಿಡುವ ನೂಲು ಬೇಕು. ಸಾಧಾರಣ ತೇವಾಂಶದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಶೇ 8ರ ಆಸುಪಾಸಿನಷ್ಟು ನೀರಿನಂಶವನ್ನು ತನ್ನೊಳಗೆ ಹಿಡಿದಿರುತ್ತದೆ. ಅಗಸೆ ನಾರಿನಿಂದ ಮಾಡುವ ಲಿನನ್ ಶೇ 12ರಷ್ಟು ಹಿಡಿದಿರುತ್ತದೆ. ಪಾಲಿಯೆಸ್ಟರ್ ಮಾತ್ರ ಶೇ 0.4. ಅಂದರೆ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ಕಡಿಮೆ.

ವಾಸನೆಯ ವಿಷಯವೂ ಇದೆ. 2014ರಲ್ಲಿ ಬೆಲ್ಜಿಯಂನ ಸಂಶೋಧಕರು 26 ಜನರಿಗೆ ವ್ಯಾಯಾಮ ಮಾಡಿಸಿ, ಅವರು ಹಾಕಿದ್ದ ಟೀ ಶರ್ಟ್‌ಗಳನ್ನು ಪರೀಕ್ಷಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳೇ ಜಾಸ್ತಿ ನಾತ ಹೊಡೆಯುತ್ತಿದ್ದವು. ದುರ್ವಾಸನೆಗೆ ಕಾರಣವಾಗುವ ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತವೆ.

ಹಾಗಂತ ಪಾಲಿಯೆಸ್ಟರ್ ಪೂರ್ತಿ ಬೇಡ ಅಂತಲ್ಲ. ಓಡುವವರಿಗೆ, ಆಡುವವರಿಗೆ ಅದು ಒಳ್ಳೆಯದೇ. ಹತ್ತಿ ಒಮ್ಮೆ ತೊಪ್ಪೆಯಾದರೆ ಒಣಗುವುದು ನಿಧಾನ, ಮೈಗೆ ಅಂಟಿಕೊಳ್ಳುತ್ತದೆ. ಕ್ರೀಡೆಗೆಂದೇ ಮಾಡಿದ ಜಾಲರಿಯಂಥ ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಆದರೆ ದಿನವಿಡೀ ಹಾಕಿಕೊಂಡಿರುವ ಬಟ್ಟೆಗೆ ಹತ್ತಿ, ಲಿನನ್ ಅಥವಾ ಅವೆರಡರ ಮಿಶ್ರಣವೇ ವಾಸಿ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಮತ್ತು ಲಯೋಸೆಲ್ ಕೂಡ ತಂಪು. ನುಣುಪಾಗಿ ಮೈಮೇಲೆ ಇಳಿಬೀಳುತ್ತವೆ, ಫ್ರಾಕ್ ಮತ್ತು ಅಗಲ ಪ್ಯಾಂಟ್‌ಗಳಿಗೆ ಚೆನ್ನಾಗಿ ಒಪ್ಪುತ್ತವೆ. ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಹಿಂಡಬೇಡಿ.

ಇನ್ನು ತುಂಬಾ ಜನ ನೋಡದೇ ಬಿಡುವ ಜಾಗ ಒಂದಿದೆ. ಫ್ರಾಕ್ ಅಥವಾ ಸ್ಕರ್ಟನ್ನು ಒಳಮೈ ಹೊರಗೆ ಮಾಡಿ. ಹೊರಬಟ್ಟೆ ಶೇ 100 ಹತ್ತಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಳಗಿನ ಲೈನಿಂಗ್ ಮಾತ್ರ ಜಾರುವ, ಹೊಳೆಯುವ ಪಾಲಿಯೆಸ್ಟರ್. ಮೈಗೆ ತಾಗುವುದು ಅದೇ ತಾನೆ? ಹೊರಗಿನ ಹತ್ತಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು. ಮಕ್ಕಳ ಪಾರ್ಟಿ ಫ್ರಾಕ್‌ಗಳಲ್ಲಿ ಇದು ಜಾಸ್ತಿ.

ಹೆಜ್ಜೆ 3: ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ

ನೂಲು ಹತ್ತಿಯೇ ಆದರೂ ದಪ್ಪ ಡೆನಿಮ್ ತಂಪಲ್ಲ. ಬಟ್ಟೆಯ ತೂಕವನ್ನು ಜಿಎಸ್‌ಎಂ ಎಂದು ಬರೆಯುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅಂತ. ಬೇಸಿಗೆ ಅಂಗಿಗೆ 100ರಿಂದ 150 ಸಾಕು. ಟೀ ಶರ್ಟ್ ಆದರೆ 140ರಿಂದ 160ರ ಹತ್ತಿರ ಇರಲಿ. ಜಿಎಸ್‌ಎಂ ಬರೆದಿಲ್ಲವಾ? ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಗಾಳಿಯೂ ಹೋಗುತ್ತದೆ. (ಅಂಗಡಿಯವರು ನೋಡುತ್ತಿದ್ದರೆ ಸ್ವಲ್ಪ ಮುಜುಗರ, ಅಷ್ಟೇ.)

ಆಮೇಲೆ ಅದನ್ನೇ ಬೆಳಕಿಗೆ ಹಿಡಿಯಿರಿ. ಆಚೆ ಇರುವ ನಿಮ್ಮ ಬೆರಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಬಿಸಿಲೂ ಅಷ್ಟೇ ಸುಲಭವಾಗಿ ಒಳಗೆ ಬರುತ್ತದೆ. ಮನೆಯೊಳಗೆ ಹಾಕಲು ಅಂಥ ತೆಳು ಬಟ್ಟೆ ಹಾಯೆನಿಸುತ್ತದೆ. ಬಿಸಿಲಲ್ಲಿ ತಿರುಗುವವರಿಗೆ ಆಗುವುದಿಲ್ಲ. ಹೊರಗೆ ಜಾಸ್ತಿ ಇರುವವರು ಯುಪಿಎಫ್ ಎಂಬ ಅಂಕಿ ನೋಡಬಹುದು. 1996ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇದಕ್ಕೆ ಒಂದು ಮಾನದಂಡ ಮಾಡಿದವು. ಯುಪಿಎಫ್ 50 ಅಂದರೆ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ 2 ಮಾತ್ರ ಚರ್ಮ ಮುಟ್ಟುತ್ತದೆ. ತೆಳ್ಳಗಿನ ಬಿಳಿ ಹತ್ತಿ ಟೀ ಶರ್ಟ್ ಈ ಲೆಕ್ಕದಲ್ಲಿ ತೀರಾ ಹಿಂದೆ. ಅದು ಒದ್ದೆಯಾದರಂತೂ ಇನ್ನೂ ಕಡಿಮೆ. ನೀರಾಟ ಆಡುವ ಮಕ್ಕಳಿಗೆ ಹಳೆಯ ಬಿಳಿ ಟೀ ಶರ್ಟ್ ಹಾಕಿ ಕಳಿಸುವವರು ಇದನ್ನು ನೆನಪಿಡಿ.

ಹೆಜ್ಜೆ 4: ಟ್ರಯಲ್ ರೂಮಿನಲ್ಲಿ ಸುಮ್ಮನೆ ನಿಲ್ಲಬೇಡಿ

ಬಟ್ಟೆ ಹಾಕಿ ಕನ್ನಡಿ ನೋಡಿ ಹೊರಬಂದರೆ ಸಾಲದು. ಎರಡೂ ಕೈ ಮೇಲೆತ್ತಿ. ಕೂರಿ. ಬಗ್ಗಿ. ಕಂಕುಳ ಹತ್ತಿರ, ಸೊಂಟದಲ್ಲಿ, ತೊಡೆಯಲ್ಲಿ ಬಟ್ಟೆ ಹಿಡಿಯುತ್ತಿದೆಯಾ ನೋಡಿ. ಬೆವರು ಜಾಸ್ತಿ ಬರುವ ಕಡೆಯೇ ಹೊಲಿಗೆ ದಪ್ಪವಾಗಿದ್ದರೆ ಸಂಜೆಗೆ ಚರ್ಮ ಕೆಂಪಾಗುತ್ತದೆ. ಅಂಗಿಯ ಬದಿಯಲ್ಲಿ ಎರಡು ಬೆರಳು ಹಾಕಿ ಎಳೆದರೆ ಬಟ್ಟೆ ಮೈಯಿಂದ ಆರಾಮಾಗಿ ದೂರ ಬರಬೇಕು.

ಸಡಿಲ ಬಟ್ಟೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಮರುಭೂಮಿಯ ಬೆಡೂಯಿನ್ ಜನ ಸುಡುಬಿಸಿಲಲ್ಲಿ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಎಂದು ವಿಜ್ಞಾನಿಗಳು ಅಳೆದು ನೋಡಿದರು. ಫಲಿತಾಂಶ 1980ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಕಪ್ಪು ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಕಾಯುತ್ತದೆ, ನಿಜ. ಆದರೆ ಒಳಗೆ ಚರ್ಮಕ್ಕೆ ತಲುಪುವ ಶಾಖ ಎರಡರಲ್ಲೂ ಒಂದೇ. ಹೆಚ್ಚುವರಿ ಬಿಸಿ ಮೈ ಮುಟ್ಟುವ ಮೊದಲೇ, ಸಡಿಲ ಬಟ್ಟೆಯೊಳಗೆ ಆಡುವ ಗಾಳಿಯ ಜೊತೆ ಹೊರಟುಹೋಗುತ್ತದೆ. ಬಣ್ಣಕ್ಕಿಂತ ಅಳತೆ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ. ಮೈಗೆ ಅಂಟಿದ ಕಪ್ಪು ಟೀ ಶರ್ಟ್‌ಗೆ ಈ ರಿಯಾಯಿತಿ ಇಲ್ಲ, ಅದು ಬಿಸಿಯನ್ನು ನೇರ ಚರ್ಮಕ್ಕೇ ದಾಟಿಸುತ್ತದೆ.

ಸಡಿಲ ಅಂದರೆ ಎರಡು ಸೈಜ್ ದೊಡ್ಡದು ಅಂತಲ್ಲ. ಮೇಲೆ ಸಡಿಲ ಇದ್ದರೆ ಕೆಳಗೆ ಸ್ವಲ್ಪ ಅಚ್ಚುಕಟ್ಟಾಗಿರಲಿ, ಅಥವಾ ಅದರ ಉಲ್ಟಾ. ಎರಡೂ ಜೋಲಾಡಿದರೆ ಬೇರೆಯವರ ಬಟ್ಟೆ ಹಾಕಿಕೊಂಡ ಹಾಗೆ ಕಾಣುತ್ತದೆ. ಅಂಗಿಯ ಮುಂಭಾಗ ಮಾತ್ರ ಪ್ಯಾಂಟಿನೊಳಗೆ ಸಿಕ್ಕಿಸಿದರೂ ಸಾಕು, ಆಕಾರ ಬರುತ್ತದೆ.

ಹೆಜ್ಜೆ 5: ಬಣ್ಣ ಮೂರು ಸಾಕು

ಬಣ್ಣದ ಟ್ರೆಂಡ್ ವರ್ಷಕ್ಕೊಂದು ಬದಲಾಗುತ್ತದೆ. ವರ್ಷದ ಬಣ್ಣ ಯಾವುದೆಂದು ಘೋಷಿಸುವ ಪ್ಯಾಂಟೋನ್ ಸಂಸ್ಥೆ 2024ಕ್ಕೆ ಪೀಚ್ ಫಜ್ ಎಂಬ ತಿಳಿ ಪೀಚ್ ಬಣ್ಣ ಅಂದಿತು, 2025ಕ್ಕೆ ಮೋಕಾ ಮೂಸ್ ಎಂಬ ಕಂದು. ಅದರ ಹಿಂದೆ ಓಡಿದರೆ ಪ್ರತಿ ಬೇಸಿಗೆಗೂ ಬೀರು ಹೊಸದಾಗಬೇಕು. ಅದರ ಬದಲು ಮನೆಗೆಲ್ಲ ಮೂರು ಬಣ್ಣ ಇಟ್ಟುಕೊಳ್ಳಿ. ಎರಡು ತಿಳಿ, ಒಂದು ಗಾಢ. ಕೆನೆಬಿಳಿ, ತಿಳಿಹಸಿರು, ಕಡುನೀಲಿ ಅಂತಿಟ್ಟುಕೊಳ್ಳಿ. ಟ್ರೆಂಡಿನ ಬಣ್ಣ ಬೇಕೇ ಬೇಕಾದರೆ ಸ್ಕಾರ್ಫ್‌ಗೋ ಟೋಪಿಗೋ ಇರಲಿ. ಕುಟುಂಬದ ಫೋಟೋ ಚೆನ್ನಾಗಿ ಬರಲು ಎಲ್ಲರೂ ಒಂದೇ ಪ್ರಿಂಟ್ ಹಾಕಬೇಕಿಲ್ಲ. ನನ್ನನ್ನು ಕೇಳಿದರೆ ಹಾಕಲೇಬಾರದು. ಬ್ಯಾಂಡ್‌ಸೆಟ್‌ನವರ ಯೂನಿಫಾರ್ಮ್ ತರಹ ಕಾಣುತ್ತದೆ. ಅದೇ ಮೂರು ಬಣ್ಣಗಳನ್ನು ಒಬ್ಬೊಬ್ಬರೂ ಒಂದೊಂದು ರೀತಿ ಹಾಕಲಿ.

ಬೆವರಿನ ಕಲೆ ತಿಳಿಬೂದು ಟೀ ಶರ್ಟ್‌ನಲ್ಲಿ ಎದ್ದು ಕಾಣುತ್ತದೆ. ಬಿಳಿ, ಕಡುನೀಲಿ ಮತ್ತು ಸಣ್ಣ ಪ್ರಿಂಟ್‌ಗಳಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಬಿಳಿ ಬಟ್ಟೆಯ ಒಳಗೆ ಬಿಳಿ ಒಳಉಡುಪು ಬೇಡ, ಚರ್ಮದ ಬಣ್ಣದ್ದು ಇರಲಿ.

ಹೆಜ್ಜೆ 6: ವಯಸ್ಸು ನೋಡಿ ಆರಿಸಿ

ಆರು ತಿಂಗಳೊಳಗಿನ ಮಗುವನ್ನು ನೇರ ಬಿಸಿಲಿಗೆ ಒಯ್ಯಲೇಬಾರದು. ಮನೆಯೊಳಗೆ ಒಂದು ಪದರ ತೆಳು ಹತ್ತಿ ಸಾಕು. ಮಗುವಿಗೆ ಸೆಖೆಯಾಗಿದೆಯಾ ತಿಳಿಯಲು ಕೈಕಾಲು ಮುಟ್ಟಿ ನೋಡಬೇಡಿ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ. ಅಲ್ಲಿ ಬಿಸಿ, ಜಿಗುಟು ಇದ್ದರೆ ಬಟ್ಟೆ ಜಾಸ್ತಿಯಾಗಿದೆ ಅಂತ.

ಓಡಾಡುವ ಮಕ್ಕಳ ಟೀ ಶರ್ಟ್ ಕೊಳ್ಳುವಾಗ ಎದೆಯ ಮೇಲಿನ ಚಿತ್ರವನ್ನು ಮುಟ್ಟಿ ನೋಡಿ. ರಬ್ಬರಿನಂತೆ ದಪ್ಪಗಿದೆಯಾ? ಹಾಗಿದ್ದರೆ ಬಟ್ಟೆ ಎಷ್ಟೇ ಒಳ್ಳೆಯದಾಗಿರಲಿ, ಆ ಚಿತ್ರದ ಜಾಗದಲ್ಲಿ ಗಾಳಿ ಹೋಗುವುದಿಲ್ಲ. ಮಗು ಆಡಿ ಬಂದ ಮೇಲೆ ನೋಡಿ, ಸುತ್ತಲೂ ಒಣಗಿರುತ್ತದೆ, ಚಿತ್ರದ ಹಿಂದೆ ಮಾತ್ರ ಚೌಕಾಕಾರದಲ್ಲಿ ಒದ್ದೆ. ಬಣ್ಣ ಬಟ್ಟೆಯೊಳಗೇ ಇಳಿದಿರುವ ಪ್ರಿಂಟ್ ಅಥವಾ ನೇಯ್ಗೆಯಲ್ಲೇ ಬಂದ ಗೆರೆಗಳಿರುವುದನ್ನು ಆರಿಸಿ. ಕತ್ತಿನ ಬಳಿ ಲಾಡಿ, ದಾರ ನೇತಾಡುವ ಬಟ್ಟೆ ಬೇಡ, ಜಾರುಬಂಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಈಜುಡುಗೆ ತಿಳಿನೀಲಿ ಅಥವಾ ಬಿಳಿ ಆದರೆ ಮಗು ನೀರೊಳಗೆ ಕಣ್ಣಿಗೇ ಬೀಳುವುದಿಲ್ಲ. ಕಣ್ಣು ಕುಕ್ಕುವ ಕಿತ್ತಳೆ, ಕಡುಗುಲಾಬಿ ಇರಲಿ. ಇಲ್ಲಿ ಸ್ಟೈಲ್ ಮಾತು ಬೇಡ.

ಹದಿಹರೆಯದವರಿಗೆ ನೀವು ಆರಿಸಿದ್ದು ಹೇಗೂ ಇಷ್ಟವಾಗುವುದಿಲ್ಲ. ಲೇಬಲ್ ಓದುವುದನ್ನು ಹೇಳಿಕೊಟ್ಟು ದೂರ ನಿಂತುಬಿಡಿ.

ವಯಸ್ಸಾದವರ ಬಟ್ಟೆಗೆ ಮಾತ್ರ ಸ್ವಲ್ಪ ಹೆಚ್ಚು ಯೋಚನೆ ಬೇಕು. ವಯಸ್ಸಾದಂತೆ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಸೆಖೆ ಆಗುತ್ತಿದೆ ಅಂತ ಅವರೇ ಹೇಳಲಿ ಎಂದು ಕಾಯಬೇಡಿ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಗುಂಪಿನ ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸಬಹುದು. ಅಂಥವರಿಗೆ ತೆಳುವಾದ ತುಂಬುತೋಳಿನ ಅಂಗಿ ಅರ್ಧತೋಳಿಗಿಂತ ಒಳ್ಳೆಯದು. ಭುಜ ನೋವಿರುವವರಿಗೆ ತಲೆಯಿಂದ ಹಾಕುವ ಬಟ್ಟೆ ಹಿಂಸೆ. ಮುಂದೆ ತೆರೆಯುವ, ದೊಡ್ಡ ಗುಂಡಿಗಳ ಅಂಗಿ ಕೊಡಿಸಿ. ಸಂಜೆ ಬಟ್ಟೆ ಬದಲಿಸುವಾಗ ಸೊಂಟದ ಸುತ್ತ ಎಲಾಸ್ಟಿಕ್‌ನ ಗುರುತು ಆಳವಾಗಿ ಬಿದ್ದಿದ್ದರೆ ಆ ಪ್ಯಾಂಟ್ ಬಿಗಿ. ಅವರು ದೂರು ಹೇಳದಿದ್ದರೂ ಬದಲಿಸಿ. ಮತ್ತೆ, ಅವರಿಗೂ ಬಣ್ಣ ಬೇಕು, ಅಲ್ವಾ? ಬೂದು, ಕಂದು ಅಂತ ನೀವೇ ತೀರ್ಮಾನ ಮಾಡಬೇಡಿ.

ನಡುವಯಸ್ಸಿನವರಿಗೆ ಕಷ್ಟ ಆಫೀಸಿನದು. ಹತ್ತಿ-ಲಿನನ್ ಮಿಶ್ರಣದ ಅಂಗಿ ಪೂರ್ತಿ ಲಿನನ್‌ಗಿಂತ ಕಡಿಮೆ ಮುದುರುತ್ತದೆ. ಉಬ್ಬುತಗ್ಗು ಗೆರೆಗಳ ಸೀರ್‌ಸಕರ್ ಬಟ್ಟೆಗೆ ಇಸ್ತ್ರಿಯೇ ಬೇಡ, ಆ ಉಬ್ಬುಗಳಿಂದಾಗಿ ಅದು ಮೈಗೆ ಪೂರ್ತಿ ತಾಗುವುದೂ ಇಲ್ಲ.

ಹೆಜ್ಜೆ 7: ಟೋಪಿ, ಕನ್ನಡಕ

ಕ್ಯಾಪ್ ನೋಡಲು ಚೆಂದ, ಆದರೆ ಕಿವಿ ಮತ್ತು ಕತ್ತು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುತ್ತಲೂ 7 ಸೆಂಟಿಮೀಟರ್‌ಗಿಂತ ಅಗಲ ಅಂಚಿರುವ ಟೋಪಿ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಯುವಿ (ನೇರಳಾತೀತ ಕಿರಣಗಳ) ಸೂಚ್ಯಂಕ 3 ಅಥವಾ ಅದಕ್ಕಿಂತ ಜಾಸ್ತಿ ಇದ್ದ ದಿನ ಬಿಸಿಲಿನಿಂದ ರಕ್ಷಣೆ ಬೇಕು. ಹವಾಮಾನದ ಆ್ಯಪ್‌ಗಳಲ್ಲಿ ಈ ಅಂಕಿ ಸಿಗುತ್ತದೆ. ಕನ್ನಡಕದಲ್ಲಿ ಗಾಜು ಎಷ್ಟು ಕಪ್ಪು ಅನ್ನುವುದಲ್ಲ, ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಎಂದು ಹೇಳುವ ಯುವಿ 400 ಗುರುತು ಇದೆಯಾ ಅನ್ನುವುದನ್ನು ನೋಡಿ. ಬರೀ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ, ಹಾನಿ ಮಾಡುವ ಕಿರಣಗಳಿಗೆ ಇನ್ನಷ್ಟು ದಾರಿಯಾಗುತ್ತದೆ.

ಹೆಜ್ಜೆ 8: ಒಗೆಯುವುದರಲ್ಲಿ ಕೆಡಿಸಬೇಡಿ

ಬೆವರಿನ ಬಟ್ಟೆಯನ್ನು ಬುಟ್ಟಿಯಲ್ಲಿ ಮುದ್ದೆಮಾಡಿ ಹಾಕಬೇಡಿ. ಒಗೆಯುವುದು ತಡವಾಗುವುದಿದ್ದರೆ ಹರವಿ ಆರಲು ಬಿಡಿ. ಫ್ಯಾಬ್ರಿಕ್ ಸಾಫ್ಟ್‌ನರ್ ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣ ಕಡಿಮೆ ಮಾಡುತ್ತದೆ, ಬೇಸಿಗೆ ಬಟ್ಟೆಗೆ ಅದು ಬೇಕಾಗಿಲ್ಲ. ಕಂಕುಳಲ್ಲಿ ಹಳದಿ ಕಲೆ ಆಗುವುದು ಬೆವರಿಗೆ, ಬೆವರು ತಡೆಯಲು ಹಚ್ಚುವ ಆ್ಯಂಟಿಪರ್ಸ್ಪಿರೆಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಸೇರಿದಾಗ. ಹಚ್ಚಿದ್ದು ಪೂರ್ತಿ ಆರಿದ ಮೇಲೆ ಅಂಗಿ ಹಾಕಿದರೆ ಕಲೆ ಕಡಿಮೆ. ಬಣ್ಣದ ಬಟ್ಟೆಯನ್ನು ಉಲ್ಟಾ ಮಾಡಿ ನೆರಳಲ್ಲಿ ಒಣಗಿಸಿ.

ಲೇಬಲ್ ಮೇಲಿನ ಇಸ್ತ್ರಿ ಪೆಟ್ಟಿಗೆಯ ಚಿತ್ರದಲ್ಲಿ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ ಅಂದರೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಎರಡಕ್ಕೆ 150ರ ಆಸುಪಾಸು, ಮೂರಕ್ಕೆ 200ರ ಆಸುಪಾಸು. ಲಿನನ್ ಸಾಮಾನ್ಯವಾಗಿ ಮೂರು ಚುಕ್ಕೆಯದು, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಒಣಗಿದ ಮೇಲೆ ಎಷ್ಟು ತಿಕ್ಕಿದರೂ ಸುಕ್ಕು ಪೂರ್ತಿ ಹೋಗುವುದಿಲ್ಲ. ಸೀಸನ್ ಮುಗಿದು ಎತ್ತಿಡುವಾಗ ಗಂಜಿ ಹಾಕಬೇಡಿ. ಸಿಲ್ವರ್‌ಫಿಶ್ ಹುಳುವಿಗೆ ಗಂಜಿಯೇ ಆಹಾರ, ಅದರ ನೆಪದಲ್ಲಿ ಬಟ್ಟೆಯನ್ನೂ ತಿಂದುಹಾಕುತ್ತದೆ. ಒಗೆದು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.