ಬಯಲಲ್ಲಿ ಮಕ್ಕಳ ಪಾರ್ಟಿ: ಅರ್ಧ ಹೊತ್ತು ಖಾಲಿ ಬಿಡಿ

ಮಗಳ ಹುಟ್ಟುಹಬ್ಬವನ್ನು ಮೊದಲ ಸಲ ಪಾರ್ಕಿನಲ್ಲಿ ಮಾಡಿದಾಗ ನನ್ನ ಕೈಯಲ್ಲಿ ಒಂದು ಪಟ್ಟಿ ಇತ್ತು. ಎರಡು ಗಂಟೆಗೆ ಹನ್ನೊಂದು ಆಟ. ನಾಲ್ಕನೆಯ ಆಟಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳು ನಾಪತ್ತೆ. ಹುಡುಕಿಕೊಂಡು ಹೋದರೆ, ಸಾಮಾನು ತುಂಬಿಕೊಂಡು ತಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಐದು ಜನ ಒತ್ತಿಕೊಂಡು ಕೂತಿದ್ದರು. ಅದು ಹಡಗಂತೆ. ಸುತ್ತಲಿನ ಹುಲ್ಲೆಲ್ಲ ಸಮುದ್ರವಂತೆ. ಈಜು ಬಾರದೆ ಸಮುದ್ರದ ನಡುವೆ ಬಂದು ನಿಂತಿದ್ದಕ್ಕೆ ನನಗೆ ಬೈಗುಳವೂ ಬಿತ್ತು. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಜಾಗ, ನೆರಳು, ನೀರು, ಒಂದಷ್ಟು ಸಾಮಾನು ಕೊಟ್ಟು ದೊಡ್ಡವರು ಪಕ್ಕಕ್ಕೆ ಸರಿದರೆ ಮಿಕ್ಕಿದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ. ಆದರೆ ನೆಮ್ಮದಿಯಾಗಿ ಪಕ್ಕಕ್ಕೆ ಸರಿಯಬೇಕಾದರೆ ತಯಾರಿ ಮೊದಲೇ ಆಗಿರಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಳ್ಳೆಯ ಬಯಲು ಸಿಕ್ಕರೆ ಕೇಕ್ ಬರುವ ಮೊದಲೇ ಅಷ್ಟೂ ಮುಗಿದಿರುತ್ತದೆ, ಅದೂ ಯಾರೂ ಹೇಳದೆ.

ಹೊತ್ತು ನೋಡಿ, ಆಮೇಲೆ ಜಾಗ ನೋಡಿ

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲು ಚುರುಕು. ಗಡಿಯಾರ ನೋಡುವುದೇ ಬೇಡ, ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆ ಅಂದರೆ ಮಕ್ಕಳನ್ನು ಬಯಲಿಗೆ ಬಿಡುವ ಹೊತ್ತು ಅದಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಶುರು ಮಾಡಿ, ಇಲ್ಲವೇ ಸಂಜೆಗೆ ಇಟ್ಟುಕೊಳ್ಳಿ. ಎರಡು ಗಂಟೆ ಸಾಕು. ನಾಲ್ಕು ವರ್ಷದೊಳಗಿನ ಪುಟಾಣಿಗಳಾದರೆ ಒಂದೂವರೆ ಗಂಟೆಯೇ ಜಾಸ್ತಿ, ಅದರಲ್ಲೂ ಅವರು ಮಲಗುವ ಹೊತ್ತಿಗೆ ಪಾರ್ಟಿ ಇಟ್ಟಿರೋ, ಮುಗೀತು. ಆಮಂತ್ರಣದಲ್ಲಿ ಮುಗಿಯುವ ಸಮಯವನ್ನೂ ಬರೆಯಿರಿ.

ಎಷ್ಟು ಮಕ್ಕಳನ್ನು ಕರೆಯಬೇಕು? ಮಗುವಿನ ವಯಸ್ಸಿಗೆ ಒಂದು ಸೇರಿಸಿ ಅನ್ನುವ ಹಳೆಯ ಲೆಕ್ಕವೊಂದಿದೆ. ಐದು ವರ್ಷವಾದರೆ ಆರು ಗೆಳೆಯರು. ಇದನ್ನು ಪಾಲಿಸಲು ನನಗೆ ಒಂದು ಸಲವೂ ಆಗಿಲ್ಲ, ಆದರೂ ಲೆಕ್ಕ ಸರಿಯಾಗಿಯೇ ಇದೆ.

ಜಾಗ ನೋಡಲು ಹೋಗುವಾಗ ಪಾರ್ಟಿ ನಡೆಯುವ ಹೊತ್ತಿಗೇ ಹೋಗಿ. ಬೆಳಿಗ್ಗೆ ನೆರಳಿದ್ದ ಮರದ ಬುಡದಲ್ಲಿ ಸಂಜೆ ಬಿಸಿಲಿರುತ್ತದೆ. ಅಲ್ಲಿ ಒಮ್ಮೆ ಕುಕ್ಕರಗಾಲಲ್ಲಿ ಕೂತು ಮಗುವಿನ ಎತ್ತರದಿಂದ ಸುತ್ತ ನೋಡಿ. ನಿಂತಾಗ ಕಾಣದ ಗಾಜಿನ ಚೂರು, ಇರುವೆಗೂಡು, ಮುಳ್ಳುಕಡ್ಡಿ, ಚೂಪು ಕಬ್ಬಿಣ ಆಗ ಕಾಣುತ್ತವೆ. ಜಾರುಬಂಡೆಯ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ಬಿಸಿಲಿಗೆ ಕಾದ ಲೋಹ ಮಾತ್ರ ಅಲ್ಲ, ಪ್ಲಾಸ್ಟಿಕ್ ಕೂಡ ಮಕ್ಕಳ ತೊಡೆ ಸುಡುತ್ತದೆ. ಕುಡಿಯುವ ನೀರು ಎಲ್ಲಿದೆ, ಶೌಚಾಲಯ ಎಷ್ಟು ದೂರ, ರಸ್ತೆ ಅಥವಾ ಕೆರೆ ಯಾವ ಕಡೆ, ಇಷ್ಟು ಗೊತ್ತಿರಬೇಕು. ಪಾರ್ಟಿಯ ದಿನ ಬಣ್ಣದ ಬಟ್ಟೆಯ ತುಂಡುಗಳನ್ನು ಕಟ್ಟಿ ಗಡಿ ಹಾಕಿ, ಬಂದ ಕೂಡಲೇ ಎಲ್ಲರನ್ನೂ ಆ ಗಡಿಯ ಉದ್ದಕ್ಕೂ ಒಂದು ಸುತ್ತು ಓಡಿಸಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಓಡಿದ್ದು ನೆನಪಿರುತ್ತದೆ.

ಕರೆಯುವಾಗಲೇ ಕೇಳಿಬಿಡಿ

ಕೊಳೆಯಾದರೂ ಪರವಾಗಿಲ್ಲ ಅನ್ನುವಂಥ ಬಟ್ಟೆ, ಟೋಪಿ, ಓಡಲು ಬರುವ ಶೂ ಹಾಕಿ ಕಳಿಸಿ ಎಂದು ಬರೆಯಿರಿ. ಬಿಳಿ ಫ್ರಾಕ್ ಹಾಕಿಕೊಂಡು ಬಂದ ಮಗು ಎರಡು ಗಂಟೆಯೂ ಫ್ರಾಕ್ ಕಾಯುತ್ತಾ ನಿಂತಿರುತ್ತದೆ. ಅಲರ್ಜಿ ಇದೆಯಾ ಎಂದು ಪ್ರತಿಯೊಬ್ಬರನ್ನೂ ಕೇಳಿ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸೀಗಡಿ ಏಡಿ, ಈ ಹೆಸರುಗಳನ್ನು ನೀವೇ ಓದಿ ಹೇಳಿದರೆ ಅಪ್ಪ ಅಮ್ಮಂದಿರಿಗೆ ನೆನಪಾಗುತ್ತದೆ. ಓಡಾಟ ಕಷ್ಟವಾಗುವ ಮಗು ಬರುವುದಿದ್ದರೆ, ಅದಕ್ಕೆ ಯಾವ ಆಟ ಇಷ್ಟ ಎಂದು ಕೇಳಿ, ಪಾರ್ಟಿಯನ್ನು ಆ ಆಟದಿಂದಲೇ ಶುರು ಮಾಡಿ.

ಆಟ: ಮೂರು ಸಾಕು

ನಾನೀಗ ಮೂರೇ ಆಟ ಗೊತ್ತು ಮಾಡಿಕೊಳ್ಳುತ್ತೇನೆ. ಉಳಿದ ಹೊತ್ತು ಖಾಲಿ. ಆ ಖಾಲಿ ಹೊತ್ತಿಗೆ ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ಹಳೆಯ ಬೆಡ್‌ಶೀಟು, ಬಟ್ಟೆಗೆ ಹಾಕುವ ಕ್ಲಿಪ್ಪು, ಬಕೆಟ್ಟು, ಸೀಮೆಸುಣ್ಣ, ಒಂದಷ್ಟು ಕೋಲು ರಾಶಿ ಹಾಕಿರುತ್ತೇನೆ. ಹೀಗೆ ಎತ್ತಿ, ಎಳೆದು, ಜೋಡಿಸಿ, ಕೆಡವಬಹುದಾದ ಬಿಡಿ ಸಾಮಾನು ಹೆಚ್ಚಿದ್ದಷ್ಟೂ ಮಕ್ಕಳ ಕಲ್ಪನೆ ಚುರುಕಾಗುತ್ತದೆ ಎಂದು ಬ್ರಿಟನ್ನಿನ ಕಲಾವಿದ ಸೈಮನ್ ನಿಕೋಲ್ಸನ್ 1971ರಲ್ಲೇ ವಾದಿಸಿದ್ದರು. ಮೊದಲ ಹತ್ತು ನಿಮಿಷ ಯಾರೂ ಅತ್ತ ಸುಳಿಯದೆ ಇರಬಹುದು. ಆಗ ಹೋಗಿ ಹೇಳಿಕೊಡಲು ಕೈ ತುರಿಸುತ್ತದೆ. ಸುಮ್ನೆ ಇರಿ.

ಇನ್ನು ಆ ಮೂರು ಆಟಗಳ ವಿಷಯ. ಸೋತವರು ಹೊರಗೆ ಅನ್ನುವ ಆಟ ಬೇಡ. ಮ್ಯೂಸಿಕಲ್ ಚೇರ್‌ನಲ್ಲಿ ಮೊದಲು ಔಟಾಗುವುದು ಯಾರು? ಎಲ್ಲರಿಗಿಂತ ನಿಧಾನದ ಮಗು, ಇಲ್ಲವೇ ತಳ್ಳಾಡಲು ಇಷ್ಟವಿಲ್ಲದ ಮಗು. ಹೆಚ್ಚು ಓಡಾಡಬೇಕಾಗಿದ್ದ ಮಗುವೇ ಹೆಚ್ಚು ಹೊತ್ತು ಕೂತಿರುತ್ತದೆ. ಅದನ್ನು ತಿರುಗಿಸಿ ಆಡಿಸಿ. ಹಾಡು ನಿಂತಾಗೆಲ್ಲ ಕುರ್ಚಿ ಮಾತ್ರ ಒಂದೊಂದೇ ತೆಗೆಯಿರಿ, ಮಕ್ಕಳೆಲ್ಲ ಒಳಗೇ ಇರಲಿ. ಎಲ್ಲರಿಗೂ ಕೂರಲು ಜಾಗ ಸಿಕ್ಕರೆ ಎಲ್ಲರೂ ಗೆದ್ದ ಹಾಗೆ. ಕೊನೆಗೆ ಎರಡೇ ಕುರ್ಚಿಯಲ್ಲಿ ಎಂಟು ಜನ ಒಬ್ಬರ ಮೇಲೊಬ್ಬರು ಹತ್ತಿಕೊಂಡಾಗ ಬರುವ ನಗು ಇದೆಯಲ್ಲ, ಅದು ಪ್ರೈಜ್ ಕೊಟ್ಟರೂ ಬರುವುದಿಲ್ಲ. ಕುರ್ಚಿ ಮಾತ್ರ ಗಟ್ಟಿಯಾಗಿರಲಿ.

ಎರಡನೆಯದು ಹುಡುಕಾಟ. ಚೀಟಿಯಲ್ಲಿ ಹೀಗೆ ಬರೆಯಿರಿ: ಹುಳ ತಿಂದು ತೂತಾದ ಎಲೆ, ನುಣ್ಣನೆಯ ಕಲ್ಲು, ಮೂರು ಥರದ ಹಸಿರು, ಮೂಗಿಗೆ ಹಿಡಿದರೆ ವಾಸನೆ ಬರುವ ಏನಾದರೂ ಒಂದು. ಓದಲು ಬರದವರಿಗೆ ಚಿತ್ರ ಬರೆದುಕೊಡಿ. ಇಬ್ಬಿಬ್ಬರ ಜೋಡಿ ಮಾಡಿ ಕಳಿಸಿದರೆ ಯಾರೂ ಒಂಟಿಯಾಗುವುದಿಲ್ಲ. ಗೊತ್ತಿಲ್ಲದ ಕಾಯಿ, ಅಣಬೆ ಮುಟ್ಟಬಾರದು, ಬಾಯಿಗಂತೂ ಹಾಕಲೇಬಾರದು ಎಂದು ಮೊದಲೇ ಹೇಳಿಬಿಡಿ.

ಮೂರನೆಯದು ಏನಾದರೂ ಆಗಲಿ, ರಿಲೇ ಓಟವೋ ಹಗ್ಗ ಜಗ್ಗಾಟವೋ. ಹಗ್ಗವಾದರೆ ಕೈಗೆ ಸುತ್ತಿಕೊಳ್ಳಲು ಬಿಡಬೇಡಿ, ಬೆರಳಿಗೆ ಅಪಾಯ.

ಅಮ್ಮನ ಕಾಲಿಗೆ ಅಂಟಿಕೊಂಡು ನಿಲ್ಲುವ ಮಗು ಒಂದಾದರೂ ಇರುತ್ತದೆ, ಅಲ್ವಾ? ಹೋಗಿ ಆಡು ಹೋಗಿ ಆಡು ಎಂದು ನೂಕಬೇಡಿ. ಒಂದು ಕೆಲಸ ಕೊಡಿ. ಸೋಪಿನ ಗುಳ್ಳೆ ಊದುವುದು, ಓಟಕ್ಕೆ ಒಂದು ಎರಡು ಮೂರು ಹೇಳುವುದು. ಗುಳ್ಳೆ ಊದುವವರ ಸುತ್ತ ಉಳಿದ ಮಕ್ಕಳು ತಾವಾಗಿಯೇ ಮುತ್ತಿಕೊಳ್ಳುತ್ತಾರೆ.

ತಿಂಡಿ, ನೀರು, ಕೇಕ್

ಓಡಾಟ ಮುಗಿದ ಮೇಲೆ, ಕೂತು ತಿನ್ನಲಿ. ಓಡುತ್ತಾ ನಗುತ್ತಾ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ, ಇಡೀ ಬೀಜ, ಪಾಪ್‌ಕಾರ್ನ್ ಬೇಡವೇ ಬೇಡ. ಮಣ್ಣಾದ ಕೈಗೆ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು.

ಹಣ್ಣು, ತರಕಾರಿ, ಒಂದು ಹೊಟ್ಟೆ ತುಂಬುವ ತಿಂಡಿ, ನೀರು. ಇಷ್ಟಿದ್ದರೆ ಕೇಕಿಗೂ ಜಾಗ ಇರುತ್ತದೆ. ನಾನು ಕೈಬಿಟ್ಟಿದ್ದು ತಂಪು ಪಾನೀಯವನ್ನು. 330 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಹತ್ತಿರಹತ್ತಿರ ಒಂಬತ್ತು ಟೀ ಚಮಚ. ಅಂದಹಾಗೆ, ಸಕ್ಕರೆ ತಿಂದ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎನ್ನುವುದು ನಿಜವಲ್ಲ. 1994ರ ಒಂದು ಪ್ರಯೋಗದಲ್ಲಿ ಸಕ್ಕರೆಯೇ ಇಲ್ಲದ ಪಾನೀಯ ಕೊಟ್ಟು, ನಿಮ್ಮ ಮಗು ಸಕ್ಕರೆ ಕುಡಿದಿದೆ ಎಂದು ತಾಯಂದಿರಿಗೆ ಹೇಳಿದರು. ಮಗುವಿನ ತುಂಟತನ ಜಾಸ್ತಿಯಾಗಿದೆ ಎಂದೇ ಅವರಿಗೆ ಕಂಡಿತು. ಮಕ್ಕಳು ಕುಣಿಯುವುದು ಪಾರ್ಟಿಯ ಖುಷಿಗೆ. ಸಕ್ಕರೆ ಕಡಿಮೆ ಮಾಡುವುದು ಹಲ್ಲಿಗೆ, ತೂಕಕ್ಕೆ ಒಳ್ಳೆಯದು ಅಂತ.

ಮೇಣದಬತ್ತಿ ಊದಿದಾಗ ಕೇಕಿನ ಮೇಲಿನ ಬ್ಯಾಕ್ಟೀರಿಯಾ ಎಷ್ಟೋ ಪಟ್ಟು ಹೆಚ್ಚುತ್ತದೆ ಎಂದು 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಅಳೆದು ತೋರಿಸಿದರು. ಹೆದರುವಂಥದ್ದೇನಲ್ಲ. ಆದರೂ ಹುಟ್ಟುಹಬ್ಬದ ಮಗುವಿಗೆ ಊದಲು ಪುಟ್ಟ ಕಪ್‌ಕೇಕ್ ಬೇರೆ ಇಟ್ಟರೆ ಆಯಿತು. ಹೇಗೂ ಬಯಲಿನ ಗಾಳಿಗೆ ದೊಡ್ಡ ಕೇಕಿನ ಬತ್ತಿ ಹತ್ತುವುದೇ ಇಲ್ಲ.

ಕೆಡುವಂಥ ತಿಂಡಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಹಿಂದಿನ ರಾತ್ರಿ ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟು ತಿಂಡಿಯ ಡಬ್ಬದ ಸುತ್ತ ಜೋಡಿಸಿ. ತಿಂಡಿ ತಣ್ಣಗಿರುತ್ತದೆ, ಕರಗಿದ ಮೇಲೆ ಕುಡಿಯಲೂ ಆಯಿತು. ಮಕ್ಕಳು ತಾವಾಗಿ ನೀರು ಕೇಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಕರೆಯಿರಿ.

ಕಣ್ಣಿಡಬೇಕಾದವರು

ಒಬ್ಬ ದೊಡ್ಡವರಿಗೆ ಮಕ್ಕಳನ್ನು ಎಣಿಸುವುದೊಂದೇ ಕೆಲಸ. ಫೋಟೊ ಇಲ್ಲ, ಹರಟೆ ಇಲ್ಲ. ನೀರಿನ ಟಬ್ ಇಟ್ಟಿದ್ದರೆ ಅದಕ್ಕೆ ಬೇರೆಯೇ ಒಬ್ಬರು, ಆಟ ಮುಗಿದ ಕ್ಷಣ ನೀರು ಚೆಲ್ಲಿಬಿಡಿ. ಚಿಕ್ಕ ಮಗು ಮುಳುಗಲು ಕೆಲವೇ ಅಂಗುಲ ನೀರೂ ಸಾಕಾಗಿಬಿಡುತ್ತದೆ. ಒಡೆದ ಬಲೂನಿನ ಚೂರುಗಳನ್ನು ಆಗಲೇ ಆರಿಸಿ, ಅವು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಕಷ್ಟ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಾಗಿ 30 ನಿಮಿಷ ಕಾಯಿರಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಬೇರೆಯವರ ಮಕ್ಕಳಿಗೆ ಹಚ್ಚುವ ಮೊದಲು, ಅವರ ಫೋಟೊ ಹಂಚುವ ಮೊದಲು, ಮನೆಯವರನ್ನು ಕೇಳಿ.

ಕೊನೆಯ ಹದಿನೈದು ನಿಮಿಷ ನೆರಳಲ್ಲಿ ಕೂರಿಸಿ ಒಂದು ಕಥೆ ಹೇಳಿ. ಬೆವರು ಆರುತ್ತದೆ, ಅಳು ಕಡಿಮೆಯಾಗುತ್ತದೆ, ಕರೆದೊಯ್ಯಲು ಬಂದವರಿಗೆ ಮಗು ಒಂದೇ ಕಡೆ ಸಿಗುತ್ತದೆ. ಎಲ್ಲರೂ ಹೊರಟ ಮೇಲೆ ಕಸ ಆರಿಸಿ, ಕಟ್ಟಿದ ಬಟ್ಟೆಚೂರುಗಳನ್ನು ಬಿಚ್ಚಿಕೊಳ್ಳಿ. ರಟ್ಟಿನ ಪೆಟ್ಟಿಗೆಯನ್ನು ಮಡಚುವ ಮುಂಚೆ ಮಾತ್ರ ಒಳಗೊಮ್ಮೆ ಬಗ್ಗಿ ನೋಡಿ, ನಾವಿಕರು ಯಾರಾದರೂ ಉಳಿದಿದ್ದಾರೇನೋ.