ಗೇಮಿಂಗ್ ಕಂಟ್ರೋಲರ್ ತಗೊಳ್ತೀರಾ? ಚಿಕ್ಕಮಗಳೂರು ಕಡೆಯೋರು ಇದನ್ನ ಒಂದ್ಸಲ ಓದ್ಕೊಳ್ಳಿ

ಯಾವ ಕಂಪ್ನಿದು ತಗೊಳ್ಲಿ ಅಂತ ಕೇಳೋರಿಗೆ ನಾನು ವಾಪಸ್ ಕೇಳೋದು ಒಂದೇ, ಯಾವುದ್ರಲ್ಲಿ ಆಡ್ತೀರ? ಪಿಎಸ್5 (ಪ್ಲೇಸ್ಟೇಷನ್ 5) ಇದ್ರೆ ಸೋನಿಯವರ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ತಗೊಳ್ಳಿ, ಮುಗೀತು. ಮನೇಲಿ ಹಳೇ ಪಿಎಸ್4 ಕಂಟ್ರೋಲರ್ ಇದೆ, ತಮ್ಮಂಗೆ ಅದೇ ಸಾಕು ಅಂದ್ಕೋಬೇಡಿ, ಅದು ಕನೆಕ್ಟ್ ಏನೋ ಆಗುತ್ತೆ ಆದ್ರೆ ಅದ್ರಲ್ಲಿ ಪಿಎಸ್4 ಗೇಮ್ ಮಾತ್ರ ಆಡ್ಬೋದು. ಎಕ್ಸ್‌ಬಾಕ್ಸ್‌ನೋರು ಈ ವಿಷ್ಯದಲ್ಲಿ ಪರ್ವಾಗಿಲ್ಲ, ಹಳೇ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಹೊಸ ಸೀರೀಸ್ ಎಸ್, ಸೀರೀಸ್ ಎಕ್ಸ್ ಎರಡ್ರಲ್ಲೂ ನಡೆಯುತ್ತೆ. ಆದ್ರೆ ಬ್ಲೂಟೂತ್ ಇದ್ಯಲ್ಲ ಅಂತ ಸಿಕ್ಕಿದ್ದು ತಗೊಂಡ್ರೆ ಎಕ್ಸ್‌ಬಾಕ್ಸಿಗೆ ಸೇರಲ್ಲ, ಅದರದ್ದು ಬೇರೆಯದೇ ವೈರ್‌ಲೆಸ್ಸು. 2023ರ ನವೆಂಬರಿಂದ ಮೈಕ್ರೋಸಾಫ್ಟ್ ಲೈಸೆನ್ಸ್ ಇಲ್ದಿರೋ ಬೇರೆ ಕಂಪ್ನಿ ಕಂಟ್ರೋಲರ್‌ಗಳನ್ನ ಬ್ಲಾಕ್ ಬೇರೆ ಮಾಡ್ತಿದಾರೆ.

ಪಿಸಿ ಅಂದ್ರೆ ಆಯ್ಕೆ ಜಾಸ್ತಿ, ಗೊಂದಲಾನೂ ಜಾಸ್ತಿ. ಮೊದ್ಲು ನೀವಾಡೋ ಗೇಮ್ ನೋಡಿ. ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮಿಗೆ ಪಿಸೀಲಿ ಕಂಟ್ರೋಲರ್ ನಡೆಯೋದೇ ಇಲ್ಲ, ಮಿಕ್ಕ ಶೂಟಿಂಗ್ ಗೇಮಿಗೂ ಮೌಸೇ ವಾಸಿ. ಫುಟ್ಬಾಲ್, ಕ್ರಿಕೆಟ್, ಫೋರ್ಜಾ ಥರ ಕಾರ್ ಗೇಮು, ಇವೆಲ್ಲ ಕಂಟ್ರೋಲರ್ ಇದ್ರೇನೇ ಮಜಾ, ಕೀಬೋರ್ಡಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಫುಲ್ ಇಲ್ಲಾಂದ್ರೆ ಏನೂ ಇಲ್ಲ, ಕಂಟ್ರೋಲರಲ್ಲಿ ತೋರುಬೆರಳಿಂದ ಒತ್ತೋ ಟ್ರಿಗರಲ್ಲಿ ಅರ್ಧ ಒತ್ಬೋದು. ನಿಂಟೆಂಡೋದ ಸ್ವಿಚ್ ಪ್ರೋ ಕಂಟ್ರೋಲರಲ್ಲಿ ಮಾತ್ರ ಈ ಅರ್ಧ ಒತ್ತೋದು ಇಲ್ಲ, ಟ್ರಿಗರ್ ಅಲ್ಲಿ ಬರೀ ಬಟನ್ನು, ರೇಸಿಂಗಿಗೆ ಬೇಡ.

ವಿಂಡೋಸಲ್ಲಿ ಸುಮಾರು ಗೇಮ್‌ಗಳು ಎಕ್ಸ್‌ಇನ್‌ಪುಟ್ ಅನ್ನೋದಕ್ಕೇ ಬರ್ದಿರ್ತಾರೆ, ಅಂದ್ರೆ ಕಂಟ್ರೋಲರ್ರು ಎಕ್ಸ್‌ಬಾಕ್ಸ್‌ದು ಅಂತ ಕಂಡ್ರೆ ಚುಚ್ಚಿದ ತಕ್ಷಣ ಕೆಲ್ಸ ಮಾಡುತ್ತೆ. ಡ್ಯುಯಲ್‌ಸೆನ್ಸ್ ಸ್ಟೀಮಲ್ಲಿ (ಪಿಸಿ ಗೇಮ್ ಮಾರೋ, ಆಡ್ಸೋ ಆಪು) ಚೆನ್ನಾಗೇ ನಡೆಯುತ್ತೆ, ಸ್ಟೀಮ್ ಬಿಟ್ಟು ಹೊರಗಡೆ ಹೋದ್ರೆ ಕೆಲವಕ್ಕೆ ಡಿಎಸ್4ವಿಂಡೋಸ್ ಥರ ಬೇರೆ ಸಾಫ್ಟ್‌ವೇರ್ ಹಾಕ್ಕೊಂಡು ಒದ್ದಾಡ್ಬೇಕು, ಅದರ ಆ ಟ್ರಿಗರ್ ಬಿಗಿಯಾಗೋ ಫೀಚರ್ರು ಪಿಸೀಲಿ ಬಹುತೇಕ ಗೇಮಲ್ಲಿ ಕೇಬಲ್ ಹಾಕಿದ್ರೇನೇ ಬರೋದು. ಆ ದುಡ್ಡು ಕೊಟ್ಟು ಇಷ್ಟೆಲ್ಲಾ ಯಾಕೆ ಅಂತ ನಂಗನ್ಸುತ್ತೆ, ಇಷ್ಟ ಇದ್ರೆ ತಗೊಳ್ಳಿ.

ಈಗ ಅಸಲಿ ವಿಷ್ಯ, ಹೆಬ್ಬೆರಳಲ್ಲಿ ಆಡ್ಸೋ ಸ್ಟಿಕ್ಕು. ಕೆಡೋದು ಸಾಮಾನ್ಯವಾಗಿ ಇದೇ. ಮಾಮೂಲಿ ಸ್ಟಿಕ್ ಒಳಗಡೆ ಪೊಟೆನ್ಶಿಯೋಮೀಟರ್ ಇರುತ್ತೆ, ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸೋ ನಾಬ್ ಥರಾನೇ, ಒಂದು ಲೋಹದ ಕಾಂಟ್ಯಾಕ್ಟು ಕಾರ್ಬನ್ ಪಟ್ಟಿ ಮೇಲೆ ಉಜ್ಜಿ ಉಜ್ಜಿ ಸವೀತಾ ಹೋಗುತ್ತೆ, ಧೂಳೂ ಕೂರುತ್ತೆ, ಆಮೇಲೆ ನೀವು ಮುಟ್ಟದಿದ್ರೂ ಪ್ಲೇಯರ್ ತಾನಾಗೇ ಪಕ್ಕಕ್ಕೆ ನಡ್ಕೊಂಡು ಹೋಗ್ತಾನೆ. ಅದೇ ಡ್ರಿಫ್ಟು. ಹಾಲ್ ಎಫೆಕ್ಟ್ ಸ್ಟಿಕ್ಕಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಇರುತ್ತೆ, ಒಂದಕ್ಕೊಂದು ತಾಗೋದೇ ಇಲ್ಲ, ಸವೆಯೋ ಪ್ರಶ್ನೆ ಇಲ್ಲ. ಟಿಎಂಆರ್ ಅಂತಾನೂ ಬರ್ತಿದೆ ಈಗ, ಅದೂ ಆಯಸ್ಕಾಂತದ್ದೇ, ಬ್ಯಾಟರಿ ಕಮ್ಮಿ ತಿನ್ನುತ್ತೆ. ತಮಾಷೆ ಅಂದ್ರೆ ಐದಾರು ಸಾವಿರದ ಸೋನಿ, ಮೈಕ್ರೋಸಾಫ್ಟ್ ಮಾಮೂಲಿ ಕಂಟ್ರೋಲರಲ್ಲಿ ಇದಿಲ್ಲ, ಎರಡು ಮೂರು ಸಾವಿರದ ಗೇಮ್‌ಸರ್, 8ಬಿಟ್‌ಡೋ ಥರದವರ ಎಷ್ಟೋ ಮಾಡೆಲಲ್ಲಿ ಇದೆ. ಒಂದು ಹುಷಾರು, ಆನ್‌ಲೈನಲ್ಲಿ ದೊಡ್ಡದಾಗಿ ಹಾಲ್ ಎಫೆಕ್ಟ್ ಅಂತ ಬರ್ದಿರ್ತಾರೆ, ಕೆಳಗಡೆ ಓದಿದ್ರೆ ಟ್ರಿಗರ್ ಮಾತ್ರ ಹಾಲ್ ಎಫೆಕ್ಟು, ಸ್ಟಿಕ್ ಮಾಮೂಲಿದೇ. ಸ್ಟಿಕ್ಕಿಗೆ ಅಂತ ಬರ್ದಿದ್ಯಾ ನೋಡಿ. ಲೈಟು ಗೀಟು ಮಿಣಮಿಣ ಅನ್ನೋದಕ್ಕೆ ದುಡ್ಡು ಹಾಕ್ಬೇಡಿ, ಆಡೋವಾಗ ಅದನ್ನ ನೋಡೋರ್ಯಾರು.

ವೈರಾ ವೈರ್‌ಲೆಸ್ಸಾ? ಮೇಜಿನ ಹತ್ರಾನೇ ಕೂತು ಆಡೋರಿಗೆ ವೈರ್ ಸಾಕು, ಅಗ್ಗ, ಚಾರ್ಜಿನ ತಲೆನೋವಿಲ್ಲ. ವೈರ್‌ಲೆಸ್ಸೇ ಬೇಕು ಅಂದ್ರೆ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚೋ ಚಿಕ್ಕ ರಿಸೀವರ್ರು) ಬರೋದು ನೋಡಿ, ಬ್ಲೂಟೂತಿಗಿಂತ ಲ್ಯಾಗ್ ಕಮ್ಮಿ, ಎಷ್ಟೋ ಡೆಸ್ಕ್‌ಟಾಪಲ್ಲಿ ಬ್ಲೂಟೂತೇ ಇರಲ್ಲ. ಡಾಂಗಲನ್ನ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ, ಅದೂ ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇರೋ ಕಡೆ ಹಾಕಿದ್ರೆ ಸಿಗ್ನಲ್ ತಡವರಿಸ್ಬೋದು, ಒಂದು ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ತನ್ನಿ. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಹೆಡ್‌ಫೋನ್ ಚುಚ್ಚಿ ಆಡೋ ಆಸೆ ಇದ್ರೆ, ಪಿಸೀಲಿ ಬ್ಲೂಟೂತ್ ಮೇಲೆ ಅದ್ರಲ್ಲಿ ಸೌಂಡ್ ಬರಲ್ಲ, ಗೊತ್ತಿರ್ಲಿ.

ಕಳಸ, ಕೊಪ್ಪ, ಕೊಟ್ಟಿಗೆಹಾರ ಕಡೆ ಇರೋರು ಬ್ಯಾಟರೀನೂ ಯೋಚ್ನೆ ಮಾಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರುತ್ತೋ, ಯುಪಿಎಸ್ ಮೇಲೆ ಲ್ಯಾಪ್‌ಟಾಪ್ ಒಂದು ಓಡುತ್ತೆ, ಕಂಟ್ರೋಲರ್ ಚಾರ್ಜಿಗೆ ಅದನ್ನೂ ಖಾಲಿ ಮಾಡ್ಬೇಕು. ಎಕ್ಸ್‌ಬಾಕ್ಸ್‌ದಕ್ಕೆ ಎರಡು ಪೆನ್ಸಿಲ್ ಸೆಲ್ಲು, ಡಬಲ್ ಎ ಸೈಜು, ಊರ ಕಿರಾಣಿ ಅಂಗಡೀಲೂ ಸಿಗುತ್ತೆ. ಎಲ್ರೂ ಇದನ್ನ ಹಳೇ ಕಾಲದ್ದು ಅಂತ ಬೈತಾರೆ, ನಮ್ಮ ಕಡೆ ಇದೇ ಅನುಕೂಲ.

ಅಂಗಡೀಲಿ ತಗೊಂಡ್ರೆ ಅಲ್ಲೇ ಕೈಲಿ ಹಿಡಿದು ನೋಡಿ, ಚಿಕ್ಕ ಕೈಯೋರಿಗೆ ದೊಡ್ಡ ಕಂಟ್ರೋಲರಲ್ಲಿ ಬೆರಳು ಟ್ರಿಗರಿಗೆ ಎಟುಕಲ್ಲ. ಆನ್‌ಲೈನಲ್ಲಿ ತರಿಸಿದ್ರೆ ರಿಟರ್ನ್ ಪಿಕಪ್ಪು ನಿಮ್ಮ ಪಿನ್‌ಕೋಡಿಗೆ ಇದ್ಯಾ ಅಂತ ಆರ್ಡರಿಗೆ ಮುಂಚೆ ನೋಡಿ, ತೋಟದ ಮನೆಗಳಿಗೆ ತಂದು ಕೊಡೋಕೆ ಬಂದ್ರೂ ವಾಪಸ್ ಒಯ್ಯೋಕೆ ಬರೋದು ಕಷ್ಟ. ಬಂದ ದಿನಾನೇ ಚೆಕ್ ಮಾಡಿ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಡಬ್ಬೀಲಿ ಇಂಗ್ಲಿಷಲ್ಲಿ ಜೆ ಓ ವೈ ಡಾಟ್ ಸಿ ಪಿ ಎಲ್ ಅಂತ ಹೊಡೀರಿ, ಪ್ರಾಪರ್ಟೀಸ್ ಒಳಗೆ ಹೋದ್ರೆ ಚೌಕದೊಳಗೆ ಒಂದು ಪ್ಲಸ್ ಗುರುತು ಕಾಣುತ್ತೆ. ಸ್ಟಿಕ್ ಎಲ್ಲಾ ಕಡೆ ಎಳೆದು ಬಿಟ್ಬಿಡಿ, ಪ್ಲಸ್ಸು ಪ್ರತೀ ಸಲ ನಡುವಿಗೇ ಬಂದು ನಿಲ್ಬೇಕು, ಕೂದಲೆಳೆ ಅಷ್ಟು ಆಚೀಚೆ ಆದ್ರೆ ಪರ್ವಾಗಿಲ್ಲ, ಗೇಮಲ್ಲಿ ಡೆಡ್‌ಝೋನ್ (ಸ್ಟಿಕ್ ನಡುವಲ್ಲಿ ಚೂರು ಅಲ್ಲಾಡಿದ್ರೆ ಲೆಕ್ಕಕ್ಕೆ ತಗೊಳ್ದಿರೋ ಜಾಗ) ಜಾಸ್ತಿ ಮಾಡಿದ್ರೆ ಸರಿಹೋಗುತ್ತೆ, ಒಂದು ಕಡೇಗೇ ಜಾರಿ ನಿಲ್ತಾ ಇದ್ರೆ ವಾಪಸ್ ಕಳಿಸಿ. ಟ್ರಿಗರ್ ನಿಧಾನಕ್ಕೆ ಒತ್ತಿ, ಗುರುತು ಒಂದೇ ಸಲ ಹಾರ್ಬಾರ್ದು, ಜೊತೆಜೊತೆಗೇ ಹೋಗ್ಬೇಕು. ಕನೆಕ್ಟೇ ಆಗ್ತಿಲ್ಲ ಅಂದ್ರೆ ಗಾಬರಿ ಬೇಡ, ಬೇರೆ ಕೇಬಲ್ ಹಾಕಿ ನೋಡಿ, ಕೆಲವು ಕೇಬಲ್ ಬರೀ ಚಾರ್ಜಿಗೆ ಅಷ್ಟೇ ಇರ್ತವೆ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಸಿಕ್ಕಿದ್ರೆ ನಡುವಿನ ಲೋಗೋ ಬಟನ್ ಸುತ್ತ ಇರೋ ಪ್ಲಾಸ್ಟಿಕ್ ನೋಡಿ. ಮುಂಭಾಗದ ಪ್ಲಾಸ್ಟಿಕ್ಕೇ ಅಲ್ಲೀವರ್ಗೂ ಒಂದೇ ತುಂಡಾಗಿ ಬಂದಿದ್ರೆ ಬ್ಲೂಟೂತ್ ಇದೆ, ಮೇಲ್ಗಡೆ ಬೇರೆ ತುಂಡು ಕೂರ್ಸಿದ್ರೆ ಹಳೇ ಮಾಡೆಲ್ಲು, ಬ್ಲೂಟೂತ್ ಇಲ್ಲ, ಅದಕ್ಕೆ ತಕ್ಕಂಗೆ ಚೌಕಾಶಿ ಮಾಡಿ.